ತೊಳೆಯದೆ ಬಿಟ್ಟ ಎಮ್ಮೆ

ಬೆಳಗಾವಿಯಲ್ಲಿ ಯಾರಾದರೂ ಹೊಸಬರು ಪರಿಚಯವಾದರೆ, ನೀವೇನು ಮಾಡುತ್ತೀರಿ ಎಂದು ಕೇಳಿಯೇ ಕೇಳುತ್ತಿದ್ದರು. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ ಎಂದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಆದರೆ ನನ್ನದು ಸುಮ್ಮನಿರುವ ನಾಲಿಗೆಯಲ್ಲ. ಉಣ್ಣಿಗಳ ಮೇಲೆ ಸಂಶೋಧನೆ ಮಾಡುತ್ತೇನೆ ಎಂದೂ ಸೇರಿಸುತ್ತಿದ್ದೆ. ಕೇಳಿದವರ ಕೈ ತಾನಾಗಿಯೇ ಕುತ್ತಿಗೆಯ ಹಿಂಭಾಗಕ್ಕೆ ಹೋಗುತ್ತಿತ್ತು. ಒಮ್ಮೆ ಒಂದು ಮದುವೆಯ ಊಟದಲ್ಲಿ ಪಕ್ಕದಲ್ಲಿದ್ದ ಹೆಂಗಸು ಎಲೆಯನ್ನೇ ಎತ್ತಿಕೊಂಡು ಬೇರೆ ಸಾಲಿಗೆ ಹೋದಳು. ನನಗೇನೂ ಬೇಸರವಾಗಲಿಲ್ಲ, ಆರಾಮಾಗಿ ಕಾಲು ಚಾಚಿ ಉಂಡೆ.

ಶುರುವಿನಲ್ಲಿ ನಾನು ಸೊಳ್ಳೆಯವಳು. ಕೋಟೆಯ ಕಂದಕದ ನಿಂತ ನೀರಿನಿಂದ ಮರಿಹುಳುಗಳನ್ನು ಸೌಟಿನಲ್ಲಿ ಎತ್ತುತ್ತ ನನ್ನ ಸಂಶೋಧನೆ ಆರಂಭವಾಯಿತು. ಆಮೇಲೆ ಖಾನಾಪುರದ ಕಾಡಿನ ಕಡೆ ಮಂಗನ ಕಾಯಿಲೆಯ ಮಾತು ಕೇಳಿಬಂದಾಗ ಉಣ್ಣಿಗಳ ಹಿಂದೆ ಬಿದ್ದವಳು ಮತ್ತೆ ಸೊಳ್ಳೆಯ ಕಡೆ ತಿರುಗಿ ನೋಡಲಿಲ್ಲ. ಆ ಜ್ವರವನ್ನು ಮನುಷ್ಯರಿಗೆ ದಾಟಿಸುವುದು ಕಾಡಿನ ಉಣ್ಣಿ. ಯಾವ ಉಣ್ಣಿ ಕಾಡಿನಲ್ಲೇ ಉಳಿಯುತ್ತದೆ, ಯಾವುದು ದನದ ಮೈಮೇಲೆ ಕೂತು ಮನೆಯ ಕೊಟ್ಟಿಗೆಗೆ ಬರುತ್ತದೆ, ಇದನ್ನು ತಿಳಿಯುವುದೇ ನಮ್ಮ ಕೆಲಸ. ಕೋಲಿಗೆ ಬಿಳಿ ಫ್ಲಾನೆಲ್ ಬಟ್ಟೆ ಕಟ್ಟಿ ಕಾಡಿನ ಕಾಲುದಾರಿಯ ಒಣ ಎಲೆಗಳ ಮೇಲೆ ನಿಧಾನವಾಗಿ ಎಳೆಯುತ್ತೇವೆ. ದಾರಿಯಲ್ಲಿ ಹೋಗುವವರಿಗಾಗಿ ಕಾದು ಕೂತ ಉಣ್ಣಿ ಬಟ್ಟೆಗೆ ಅಂಟಿಕೊಳ್ಳುತ್ತದೆ. ಜಾಂಬೋಟಿಯ ಕಡೆ ಸೌದೆಗೆ ಬಂದ ಹೆಂಗಸರು ನಿಂತು ನೋಡಿ, “ಈ ಬಾಯಾರು ಕಾಡ ಒರಸಾಕ ಬಂದಾರ” ಎಂದು ನಕ್ಕು ಹೋಗುತ್ತಿದ್ದರು. ಮೇಡಮ್ ಎನ್ನುವುದಕ್ಕೆ ಆ ಕಡೆ ಬಾಯಾರು ಎನ್ನುತ್ತಾರೆ.

ಮನೆಯಲ್ಲಿ ಇದಕ್ಕೆಲ್ಲ ಒಪ್ಪಿಗೆ ಕೊಡಬೇಕಾದವರು ನಮ್ಮ ಅತ್ತೆ. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಆಮೇಲೆಯೇ ಬಾಯಿಗೆ ನೀರು ಎನ್ನುವ ಹೆಂಗಸು. ಒಂದು ದಿನ ಫ್ರಿಜ್ಜು ತೆಗೆದರೆ ತುಪ್ಪದ ಗಿಂಡಿಯ ಪಕ್ಕದಲ್ಲಿ ನನ್ನ ಶೀಶೆಗಳು, ಒಳಗೆ ಒದ್ದೆ ಹತ್ತಿಯ ಮೇಲೆ ಜೀವಂತ ಉಣ್ಣಿಗಳು. ನಾನು ಕಾಡಿನಿಂದ ಬರುವ ಹೊತ್ತಿಗೆ ಪ್ರಯೋಗಾಲಯಕ್ಕೆ ಬೀಗ ಹಾಕಿದ್ದರು, ನಾನಾದರೂ ಏನು ಮಾಡಲಿ.

“ನಿನ್ನ ಕಾಯಕಕ್ಕ ನಾ ಅಡ್ಡ ಬರಂಗಿಲ್ಲವಾ,” ಎಂದರು ಅತ್ತೆ. “ಆದ್ರ ತುಪ್ಪದ ಬಾಜೂಕ ಈ ಹುಳಾ ಇಟ್ಟಿ ಅಂದ್ರ ನಾ ಊಟಾನ ಬಿಡ್ತೀನಿ ನೋಡು.”

ಅದೇ ವಾರ ಒಂದು ಹಳೆಯ ಸಣ್ಣ ಫ್ರಿಜ್ಜು ಪಡಸಾಲೆಯ ಮೂಲೆಗೆ ಬಂದಿತು. ಅದಕ್ಕೆ ಅತ್ತೆ ಇಟ್ಟ ಹೆಸರು ‘ನಮ್ಮ ಸೊಸೀ ಕೊಟ್ಟಿಗಿ’.

ಹೀಗೆ ಸುಖವಾಗಿಯೇ ಇದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಾಗ ತಲೆಬಿಸಿ ಶುರುವಾಯಿತು. ನನ್ನ ಕೈಕೆಳಗೆ ಕೊನೆಯದಾಗಿ ಒಬ್ಬ ಹುಡುಗಿ ಪಿಎಚ್‌ಡಿ ಮಾಡುತ್ತಿದ್ದಳು. ಗೋಕಾಕದ ಕಡೆಯವಳು, ಕುರಿ ಕಾಯುವ ಮನೆಯವಳು. ಅವರ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಮಾತು ಕಡಿಮೆ, ಕಣ್ಣು ಚುರುಕು. ನಾನು ನಿವೃತ್ತಳಾಗುವುದರೊಳಗೆ ಅವಳ ಪ್ರಬಂಧ ಸಲ್ಲಿಕೆಯಾಗಬೇಕಿತ್ತು. ಇಲ್ಲವಾದರೆ ಬೇರೆ ಮಾರ್ಗದರ್ಶಕರನ್ನು ಹುಡುಕಬೇಕು, ನಮ್ಮ ವಿಭಾಗದಲ್ಲಿ ಉಣ್ಣಿಯ ಕೆಲಸ ಮಾಡುವವರು ನನ್ನ ಬಿಟ್ಟರೆ ಯಾರೂ ಇರಲಿಲ್ಲ. ವಿಷಯ ಬದಲಿಸಿ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು. ಮನೆಯವರು ಅಷ್ಟು ದಿನ ಕಾಯುವುದಿಲ್ಲ, ಮದುವೆ ಮಾಡಿ ಕಳಿಸುತ್ತಾರೆ ಎಂದು ಅವಳೇ ಒಂದು ಸಲ ನನ್ನ ಮುಖ ನೋಡದೆ ಹೇಳಿದ್ದಳು.

ಪ್ರಬಂಧದ ಅರ್ಧ ತಯಾರಿತ್ತು. ಕಾಡಿನ ದಾರಿಯ ಉಣ್ಣಿಗಳೆಲ್ಲ ಸಿಕ್ಕಿದ್ದವು. ಇನ್ನರ್ಧಕ್ಕೆ ಆ ಕಾಡಿನಲ್ಲೇ ಮೇಯುವ ದನದ ಮೈಮೇಲಿನ ಉಣ್ಣಿ ಬೇಕು, ಅದೂ ಮಳೆಗಾಲಕ್ಕೆ ಮುಂಚೆ. ಜಾಂಬೋಟಿಯಿಂದ ಇನ್ನೂ ಒಳಗೆ, ಕಾಡಿನ ಅಂಚಿನಲ್ಲಿ ಎಮ್ಮೆ ಸಾಕುವವರ ಒಂದು ಸಣ್ಣ ವಾಡಿ ಇತ್ತು. ಹಗಲೆಲ್ಲ ಎಮ್ಮೆ ಕಾಡಿನಲ್ಲಿ, ಸಂಜೆ ಕೊಟ್ಟಿಗೆಯಲ್ಲಿ. ನಮಗೆ ಬೇಕಾದದ್ದು ಅದೇ.

ಸಂಕ್ರಾಂತಿ ಮುಗಿದ ಮೇಲೆ ಫೋನು ಮಾಡಿ, ಬರುವ ದಿನ ತಿಳಿಸಿ ಹೋದೆವು. ಜೀಪು ಇಳಿದು ನೋಡುತ್ತೇನೆ, ಅಂಗಳಕ್ಕೆ ಹೊಸದಾಗಿ ಸಗಣಿ ಸಾರಿಸಿ ರಂಗೋಲಿ ಹಾಕಿದ್ದಾರೆ. ಅದರಾಚೆ ಸಾಲಾಗಿ ಕಟ್ಟಿದ ಎಮ್ಮೆಗಳು ಮಿರಿಮಿರಿ ಮಿಂಚುತ್ತಿವೆ. ಹಳ್ಳಕ್ಕೆ ಹೊಡೆದುಕೊಂಡು ಹೋಗಿ, ಹುಲ್ಲಿನಿಂದ ತಿಕ್ಕಿ ತೊಳೆದು, ಕಿವಿ ಬಾಲ ಕೆಚ್ಚಲು ಎಲ್ಲ ಹುಡುಕಿ ಉಣ್ಣಿ ಕಿತ್ತು ಬೆಂಕಿಗೆ ಹಾಕಿ, ಮೇಲೆ ಎಣ್ಣೆ ಸವರಿದ್ದರು. ವಾಡಿಗೆ ಹಿರಿಯಳಾದ ಮುದುಕಿ ಎರಡೂ ಕೈ ಚಾಚಿ ಬಂದರು. ಆ ಕಡೆ ಇಂಥವರನ್ನು ಆಯಿ ಎನ್ನುತ್ತಾರೆ, ನಾವೂ ಹಾಗೆಯೇ ಕರೆದೆವು.

“ಬರ್ರಿ ಬಾಯಾರ, ಕುಂದರ್ರಿ,” ಎಂದರು. “ನೀವು ಗೋಚೀಡ ನೋಡಾಕ ಬರ್ತೀರಿ ಅಂದ್ರಲ್ಲ, ನೋಡ್ರಿ ಬೇಕಾದ್ರ. ಒಂದರ ಸಿಕ್ಕರ ಕೇಳ್ರಿ.”

ಉಣ್ಣಿಗೆ ಅವರ ಮರಾಠಿಯ ಹೆಸರು ಗೋಚೀಡ. ಆಯಿಯ ಮುಖದಲ್ಲಿ ಎಷ್ಟು ಹೆಮ್ಮೆ ಇತ್ತೆಂದರೆ ಕೈಯಲ್ಲಿದ್ದ ಚಿಮಟವನ್ನು ಜೇಬಿಗೆ ಸೇರಿಸಿಬಿಟ್ಟೆ. ಖಾಲಿ ಶೀಶೆಗಳ ಚೀಲವನ್ನು ಹುಡುಗಿ ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು. ಆಯಿ ಹಾಲು ಕುದಿಸಿ ಇಂಗಿಸಿದ ಬಿಸಿಬಿಸಿ ಖವಾ ಕೊಟ್ಟರು, ಮಜ್ಜಿಗೆ ಕೊಟ್ಟರು. ತಿಂದು, ಕುಡಿದು, ಎಮ್ಮೆಗಳನ್ನು ಹೊಗಳಿ ವಾಪಸು ಬಂದೆವು.

ಎರಡನೆಯ ಸಲ ನಾನು ಹುಷಾರಾದೆ. ಆಯಿಯ ಮಗನಿಗೆ ಫೋನು ಮಾಡಿ ಬಿಡಿಸಿ ಬಿಡಿಸಿ ಹೇಳಿದೆ. “ಎಮ್ಮಿ ತೊಳಿಬ್ಯಾಡ್ರಿ. ಹೆಂಗ ಅದಾವ ಹಂಗ ಇರಲಿ. ನಮಗ ಹಂಗ ಬೇಕು.”

“ಹೂಂರಿ, ಹೂಂರಿ,” ಎಂದ ಅವನು. “ಅದರಾಗ ತ್ರಾಸ ಏನ ಐತ್ರಿ.”

ಹೋಗಿ ನೋಡಿದರೆ ಈ ಸಲ ಕೋಡಿಗೂ ಎಣ್ಣೆ ಹಚ್ಚಿದ್ದರು. ನನ್ನ ತಲೆ ಕೆಟ್ಟುಹೋಯಿತು. ಜೀಪಿನಲ್ಲಿ ಬರುತ್ತ ಹುಡುಗಿಯ ಮುಂದೆ ಬಾಯಿಗೆ ಬಂದಂತೆ ಬೈದೆ. ಕನ್ನಡದಲ್ಲಿ ಹೇಳಿದೆ, ಮರಾಠಿಯಲ್ಲಿ ಹೇಳಿದೆ, ಇನ್ನು ಯಾವ ಭಾಷೆಯಲ್ಲಿ ಹೇಳಲಿ ಎಂದು ಕೂಗಾಡಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದವಳು ನಕ್ಕುಬಿಟ್ಟಳು.

“ಮೇಡಮ್, ನೀವು ಯಾರದರ ಮನಿಗೆ ಹೋಗೂ ಮುಂದ ಏನಂತ ಹೇಳ್ತೀರಿ?”

“ಏನಂತ ಹೇಳ್ತೀನಿ? ಏನೂ ಮಾಡಬ್ಯಾಡ್ರಿ, ಸುಮ್ನ ಭೆಟ್ಟಿ ಆಗಿ ಹೋಗ್ತೀವಿ ಅಂತೀನಿ.”

“ಅವ್ರು ಏನೂ ಮಾಡಂಗಿಲ್ಲೇನು?”

ನಮ್ಮ ಸೀಮೆಯಲ್ಲಿ ಏನೂ ಮಾಡಬೇಡಿ ಎಂದರೆ ಎಣ್ಣೆಯ ಬಾಣಲೆ ಒಲೆಯ ಮೇಲೆ ಏರುತ್ತದೆ. ಬೇಡ ಎಂದು ಹೆಚ್ಚು ಹೇಳಿದಷ್ಟೂ ಹೋಳಿಗೆಯ ಹೂರಣ ಹೆಚ್ಚಾಗುತ್ತದೆ. ಎಮ್ಮೆ ತೊಳೆಯಬೇಡಿ ಎಂದದ್ದನ್ನು ಅವರು ದೊಡ್ಡವರ ದಾಕ್ಷಿಣ್ಯದ ಮಾತು ಎಂದುಕೊಂಡಿದ್ದರು. ನಾನು ಒತ್ತಿ ಒತ್ತಿ ಹೇಳಿದ್ದೇ ಕೋಡಿಗೆ ಎಣ್ಣೆ ತಂದಿತ್ತು.

ಅಷ್ಟರಲ್ಲಿ ಹೋಳಿ ಬಂತು, ಬಿಸಿಲು ಬಲಿಯಿತು. ಹುಡುಗಿ ಊಟ ಸರಿಯಾಗಿ ಮಾಡುತ್ತಿಲ್ಲ ಎಂದು ಅವಳ ಹಾಸ್ಟೆಲಿನ ಗೆಳತಿ ನನಗೆ ಹೇಳಿದಳು. ಮೂರನೆಯ ಸಲ ನಾನು ಯಾರಿಗೂ ಹೇಳದೆ, ಎಮ್ಮೆಗಳು ಕಾಡಿನಿಂದ ತಿರುಗಿ ಬರುವ ಸಂಜೆಯ ಹೊತ್ತಿಗೆ ಸರಿಯಾಗಿ ಅವಳನ್ನು ಕರೆದುಕೊಂಡು ಹೋಗಿ ಇಳಿದೆ. ಎಮ್ಮೆಗಳು ಬಂದವು. ಮೈಗೆಲ್ಲ ಕೆಸರು, ಕಿವಿಯ ಸಂದಿಯಲ್ಲಿ ದೂರದಿಂದಲೇ ಕಾಣುವಂತೆ ತುಂಬಿದ ಉಣ್ಣಿ. ನನಗೆ ಖುಷಿಯೋ ಖುಷಿ. ಚಿಮಟ ಹಿಡಿದು ಮುಂದೆ ಹೋದೆ. ಆಯಿ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಬಂದು ನಿಂತರು.

“ಪಾವಣ್ಯಾರಿಗೆ ಹೊಲಸ ಎಮ್ಮಿ ತೋರ್ಸೂ ಮನಿ ಅಲ್ರಿ ನಮ್ದು,” ಎಂದರು ನಮ್ಮನ್ನು ಅತಿಥಿಗಳ ಲೆಕ್ಕಕ್ಕೆ ಹಾಕಿ. “ಹೊರಗ ಕುಂದರ್ರಿ. ಚಾ ಕುಡದು ಹೋಗ್ರಿ.”

“ಆಯಿ, ನಮಗ ಅದ ಬೇಕಾಗಿರೂದು. ಅದನ್ನ ಕೊಡಲಿಲ್ಲ ಅಂದ್ರ ಈ ಹುಡಿಗಿ ಇಷ್ಟ ವರ್ಷ ಓದಿದ್ದು ಮಣ್ಣುಪಾಲಾಕೈತಿ. ತಿಳೀವಲ್ದೇನು ನಿಮಗ?” ನನ್ನ ದನಿ ಏರಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ.

ಆಯಿಯ ದನಿ ಏರಲಿಲ್ಲ. “ನಾ ಹೇಳದ ಕೇಳದ ಬೆಳಗಾವಿಗೆ ಬಂದು, ನಿಮ್ಮ ಮನ್ಯಾಗ ಹಾಸಿಗಿ ಎತ್ತಿ ತಿಗಣಿ ತೋರಸ್ರಿ ಅಂದ್ರ ತೋರಸ್ತೀರೇನು ಬಾಯಾರ?”

ನಮ್ಮ ಅತ್ತೆಯ ಮುಖ ಕಣ್ಣ ಮುಂದೆ ಬಂತು. ಆ ಹೆಂಗಸು ಜೀವ ಹೋದರೂ ತೋರಿಸುತ್ತಿರಲಿಲ್ಲ. ನನ್ನ ಸಿಟ್ಟು ಜರ್ರನೆ ಇಳಿಯಿತು.

“ಇಲ್ಲ ಆಯಿ,” ಎಂದೆ. “ಹೊರಗಿನವರಿಗೆ ತೋರಸಂಗಿಲ್ಲ. ಮನ್ಯಾಗಿನವರಿಗೆ ಆದ್ರ ತೋರಸ್ತೀವಿ.”

ಆಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಉಣ್ಣಿ ಏರಬಾರದೆಂದು ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಉದ್ದ ತೋಳಿನ ಅಂಗಿ ಹಾಕಿ, ತಲೆಗೆ ಟೊಪ್ಪಿಗೆ ಇಟ್ಟು ನಿಂತಿದ್ದೆ. ಬೆದರುಬೊಂಬೆಗೂ ಇನ್ನಷ್ಟು ಲಕ್ಷಣ ಇರುತ್ತದೆ.

“ನಿನ್ನ ತವರಮನಿ ಎಲ್ಲಿ?” ಎಂದರು. ನೀವು ಎನ್ನುತ್ತಿದ್ದವರು ಆಗ ನೀನು ಎಂದರು.

“ತವರಮನಿ ಇಲ್ಲ ಆಯಿ. ಅವ್ವ ಹೋದ ಮ್ಯಾಲ ಆ ಮನಿ ಮಾರಿಬಿಟ್ರು.”

ಅವರು ಒಳಗೆ ಹೋದರು. ಪಾತ್ರೆಯ ಸದ್ದು ಕೇಳಿಸಿತು. ಹೊರಗೆ ಬಂದಾಗ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿಣ ಕುಂಕುಮ, ಮಡಿಕೆ ಬಿಚ್ಚದ ಒಂದು ಹಸಿರು ರವಿಕೆ ಖಣ. ಅಂಗಳದಲ್ಲಿ ಮಣೆ ಹಾಕಿ ಕುಳಿತುಕೋ ಎಂದರು. ತವರಿಗೆ ಬಂದ ಮನೆಮಗಳಿಗೆ ಮಡಿಲು ತುಂಬುವಂತೆ ನನಗೆ ಉಡಿ ತುಂಬಲು ಹೊರಟಿದ್ದರು. ಆದರೆ ತುಂಬುವುದು ಎಲ್ಲಿಗೆ? ಪ್ಯಾಂಟು ಅಂಗಿಯಲ್ಲಿ ಸೆರಗೆಲ್ಲಿಂದ ಬರಬೇಕು? ಹುಡುಗಿ ಓಡಿಬಂದು ತನ್ನ ವೇಲನ್ನು ನನ್ನ ಹೆಗಲ ಮೇಲೆ ಹಾಕಿ, ತುದಿಯನ್ನು ಮುಂದೆ ಹಿಡಿದಳು. ಆಯಿ ಟೊಪ್ಪಿಗೆ ತೆಗೆಸಿ ಕುಂಕುಮ ಹಚ್ಚಿದರು. ಬೊಗಸೆ ತುಂಬ ಅಕ್ಕಿ ವೇಲಿನೊಳಗೆ ಬಿತ್ತು.

ಅವ್ವ ಸತ್ತ ಮೇಲೆ ನನಗೆ ಯಾರೂ ಉಡಿ ತುಂಬಿರಲಿಲ್ಲ. ದೊಡ್ಡ ಪ್ರೊಫೆಸರಿಗೆ ಅದೆಲ್ಲ ಏಕೆ ಎಂದು ಬಂಧುಗಳು ಅಂದುಕೊಂಡಿರಬೇಕು, ನನಗೂ ಅದು ಬೇಕು ಎಂದು ಗೊತ್ತಿರಲಿಲ್ಲ. ಮಣೆಯ ಮೇಲೆ ಕೂತು ಅತ್ತುಬಿಟ್ಟೆ. ನನ್ನ ವಿದ್ಯಾರ್ಥಿನಿ ನೋಡುತ್ತಿದ್ದಾಳೆ ಎಂಬ ಪರಿವೆಯೂ ಇರಲಿಲ್ಲ.

“ಇನ್ನ ಹೇಳಿ ಬರಬ್ಯಾಡ,” ಎಂದರು ಆಯಿ. “ತವರಮನಿಗೆ ಯಾರರ ಹೇಳಿ ಬರ್ತಾರೇನು? ಹೋಗ, ಬೆಳಕ ಇರೂದ್ರಾಗ ಏನ ನೋಡ್ತಿ ನೋಡು.”

ಅಂದಿನಿಂದ ಮಳೆ ಶುರುವಾಗುವವರೆಗೆ ಮನಸ್ಸಿಗೆ ಬಂದಾಗಲೆಲ್ಲ ಹೋದೆವು. ಎಮ್ಮೆಗಳು ಹೇಗಿದ್ದವೋ ಹಾಗೇ ಇರುತ್ತಿದ್ದವು, ಶೀಶೆಗಳು ತುಂಬುತ್ತಿದ್ದವು. ಆಯಿ ತುಂಬಿದ ಅಕ್ಕಿಯನ್ನು ನಮ್ಮ ಅತ್ತೆ ಕಣ್ಣಿಗೊತ್ತಿಕೊಂಡು ಒಳಗೆ ತೆಗೆದುಕೊಂಡು ಹೋಗಿ, ಬೆಲ್ಲ ಹಾಕಿ ಪಾಯಸ ಮಾಡಿದರು. ತವರುಮನೆಯ ಅಕ್ಕಿಯನ್ನು ಹೊರಗಿನವರಿಗೆ ಬಡಿಸಬಾರದಂತೆ, ಮನೆಮಂದಿಯೇ ಉಣ್ಣಬೇಕಂತೆ. ಹುಡುಗಿಗೂ ಒಂದು ಬಟ್ಟಲು ಕೊಟ್ಟರು. ಇಷ್ಟಾದರೂ ಅಡುಗೆಮನೆಯ ಫ್ರಿಜ್ಜಿನ ಕಾನೂನು ಮಾತ್ರ ಬದಲಾಗಲಿಲ್ಲ.

ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ ಪ್ರಬಂಧ ಸಲ್ಲಿಕೆಯಾಯಿತು. ಉಸಿರು ಬಿಟ್ಟೆವು. ಆಮೇಲೆ ಮೌಖಿಕ ಪರೀಕ್ಷೆಗೆ ಮೈಸೂರು ಕಡೆಯ ಒಬ್ಬ ಹಿರಿಯ ಪ್ರಾಧ್ಯಾಪಕರು ಬಂದರು. ಕಟ್ಟುನಿಟ್ಟಿನ ಮನುಷ್ಯ, ಆದರೆ ಕೆಟ್ಟವರಲ್ಲ. ಪರೀಕ್ಷೆಯ ಹಿಂದಿನ ದಿನವೇ ಬಂದು, ಕೆಲಸ ನಡೆದ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂದರು. ಬೇಡ ಎನ್ನುವುದು ಹೇಗೆ? ಮಗಳು ತವರಿಗೆ ಹೇಳದೆ ಹೋಗಬಹುದು, ಹೊರಗಿನ ಹಿರಿಯರನ್ನು ಕರೆದುಕೊಂಡು ಹೇಳದೆ ನುಗ್ಗುವಂತಿಲ್ಲ. ಫೋನು ಮಾಡಿದೆ. ಎಮ್ಮೆ ತೊಳೆಯಬೇಡಿ ಎಂದೂ ಹೇಳಿದೆ, ಹೇಳುತ್ತಿದ್ದಂತೆ ಅದು ವ್ಯರ್ಥ ಎಂದು ನನಗೇ ತಿಳಿಯಿತು.

ಹೋದಾಗ ಅಂಗಳದಲ್ಲಿ ರಂಗೋಲಿ, ಸಾಲಾಗಿ ಎಮ್ಮೆಗಳು, ಕರೀ ಕನ್ನಡಿಯಂತೆ ಹೊಳೆಯುತ್ತಿದ್ದವು. ಪರೀಕ್ಷಕರು ಕನ್ನಡಕ ಏರಿಸಿ ಒಂದೊಂದೇ ಎಮ್ಮೆಯ ಕಿವಿ ಮಗುಚಿ ನೋಡಿದರು, ಬಾಲ ಎತ್ತಿ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಮೇಡಮ್, ಪ್ರಬಂಧದಲ್ಲಿ ರಾಶಿ ರಾಶಿ ಉಣ್ಣಿ ಇವೆ. ಇಲ್ಲಿ ಒಂದೂ ಕಾಣುವುದಿಲ್ಲವಲ್ಲ,” ಎಂದರು.

ಹುಡುಗಿಯ ಮುಖ ಬಿಳಿಚಿಕೊಂಡಿತು. ನಿಮಗಾಗಿ ತೊಳೆದಿದ್ದಾರೆ ಎಂದು ನಾನು ಹೇಳಿದೆ. ಹೇಳುವಾಗಲೇ ಅದು ನೆಪದಂತೆ ಕೇಳಿಸಿತು. ಅವರು ಹೂಂ ಎಂದರು. ಆ ಹೂಂ ನನಗೆ ಸೇರಲಿಲ್ಲ.

ಆಯಿ ನನ್ನನ್ನು ಒಲೆಯ ಹತ್ತಿರ ಕರೆದರು. “ಹುಡಿಗಿ ಮಾರಿ ಯಾಕ ಹಂಗಾತು?”

ಇದ್ದದ್ದು ಇದ್ದಂತೆ ಹೇಳಿದೆ. ಅವಳು ಸುಳ್ಳು ಬರೆದಿದ್ದಾಳೆ ಅಂತ ಅವರಿಗೆ ಅನುಮಾನ ಬಂದಿದೆ, ನಾಳೆ ಅವರು ಒಪ್ಪದಿದ್ದರೆ ಎಲ್ಲ ಹೋಯಿತು ಎಂದೆ.

ಆಯಿ ಖವಾ ತಿರುವುತ್ತಿದ್ದ ಕೈ ನಿಲ್ಲಿಸಿದರು. “ಹಿಂದಿನ ಕೊಟ್ಟಿಗ್ಯಾಗ ಒಂದ ಎಮ್ಮಿ ಹಂಗ ಬಿಟ್ಟೇನಿ,” ಎಂದರು. “ಅದನ್ನ ತೊಳದಿಲ್ಲ.”

“ಯಾಕ?”

“ನೀನೂ ಬರಾಕಿ ಅಲ್ಲೇನು? ಅವ್ರು ಪಾವಣ್ಯಾರು. ನೀ ಬಂದಿ ಅಂದ್ರ ಕಿವ್ಯಾಗ ಇಣಕಿ ನೋಡ್ದ ಹೋಗಂಗಿಲ್ಲ. ನಿನ್ನ ಸಲುವಾಗಿ ಇರ್ಲಿ ಅಂತ ಒಂದ ಬಿಟ್ಟೆ.”

ಪರೀಕ್ಷಕರಿಗೆ ಅದನ್ನು ತೋರಿಸಲೇ ಎಂದು ಕೇಳಲು ಬಾಯಿ ಬರಲಿಲ್ಲ. ಅಂಗಳದ ತುಂಬ ವಾಡಿಯ ಜನ ಸೇರಿದ್ದರು. ದೂರದ ಊರಿಂದ ಬಂದ ಹಿರಿಯರ ಮುಂದೆ ಹೊಲಸು ದನ ನಿಲ್ಲಿಸಿದರೆ ಹೋಗುವುದು ಆಯಿಯ ಮರ್ಯಾದೆ, ನನ್ನದಲ್ಲ. ಆಯಿ ಖವಾದ ಬಾಣಲೆಯನ್ನು ಒಲೆಯಿಂದ ಇಳಿಸಿದರು. ಆಮೇಲೆ ಕೈ ಒರೆಸಿಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹಿಂದಕ್ಕೆ ಹೋದರು. ಬರುವಾಗ ಹಗ್ಗ ಹಿಡಿದು ತಾವೇ ಮುಂದಿದ್ದರು. ಹಿಂದೆ ಕೆಸರು ಮೆತ್ತಿದ, ಬಾಲಕ್ಕೆ ಸಗಣಿ ಒಣಗಿ ಅಂಟಿದ ಎಮ್ಮೆ. ರಂಗೋಲಿಯನ್ನು ತುಳಿಸಿಕೊಂಡೇ ಅದನ್ನು ಪರೀಕ್ಷಕರ ಮುಂದೆ ತಂದು ನಿಲ್ಲಿಸಿದರು.

“ಇದೂ ನಮ್ಮ ಎಮ್ಮಿನ ಐತ್ರಿ,” ಎಂದರು. “ನೋಡ್ರಿ.”

ಹುಡುಗಿ ಚಿಮಟ ಹಿಡಿದು ಕಿವಿ ಮಗುಚಿದಳು. ಒಂದೊಂದೇ ಉಣ್ಣಿ ಎತ್ತಿ, ಬರಿಗಣ್ಣಿಗೆ ಇದು ಇಂಥ ಜಾತಿ ಎನಿಸುತ್ತದೆ, ಉಳಿದದ್ದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು ಎಂದು ಹೇಳುತ್ತ ಶೀಶೆಗೆ ಹಾಕುತ್ತ ಹೋದಳು. ಪರೀಕ್ಷಕರು ಬಗ್ಗಿ ನೋಡಿದರು, ತಾವೂ ಒಂದೆರಡು ಎತ್ತಿದರು. ಆಯಿ ಹಗ್ಗ ಹಿಡಿದು, ಮುಖವನ್ನು ಆಚೆ ತಿರುಗಿಸಿ ನಿಂತಿದ್ದರು.

“ಸಾಕಮ್ಮ,” ಎಂದರು ಪರೀಕ್ಷಕರು. ಆಮೇಲೆ ಆಯಿಯ ಕಡೆ ತಿರುಗಿ, “ಉಳಿದವನ್ನು ಯಾಕೆ ತೊಳೆದಿರಿ ಅಜ್ಜಿ?” ಎಂದು ಕೇಳಿದರು.

“ನೀವು ಬರ್ತೀರಂತ್ರಿ.”

ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಖವಾ ಕೊಟ್ಟಾಗ ಬೇಡ ಎನ್ನದೆ ಎರಡು ಸಲ ಹಾಕಿಸಿಕೊಂಡು ತಿಂದರು. ಮರುದಿನ ಪರೀಕ್ಷೆಯಲ್ಲಿ ಕಷ್ಟದ ಪ್ರಶ್ನೆಗಳನ್ನೇ ಕೇಳಿದರು, ಅವಳು ಉತ್ತರ ಹೇಳಿದಳು, ಅವರು ಒಪ್ಪಿದರು.

ಈಗ ನಾನು ಮನೆಯಲ್ಲಿದ್ದೇನೆ. ಪಡಸಾಲೆಯ ಸಣ್ಣ ಫ್ರಿಜ್ಜಿನಲ್ಲಿ ಅತ್ತೆ ಉಪ್ಪಿನಕಾಯಿ ಇಡುತ್ತಾರೆ. ಮೊದಲು ಅದನ್ನು ನನ್ನಿಂದಲೇ ತಿಕ್ಕಿಸಿ ತಿಕ್ಕಿಸಿ ತೊಳೆಸಿದರು. ಹುಡುಗಿಗೆ ಖಾನಾಪುರದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಅವಳ ಹೆಸರಿನ ಮುಂದೆ ಡಾಕ್ಟರ್ ಸೇರಿದ್ದನ್ನು ಆಯಿಗೆ ಹೇಳಬೇಕು, ಬೆಳಗಾವಿಯ ಸಿಹಿ ಕುಂದಾ ಕೊಡಬೇಕು ಎಂದು ಅವಳೇ ಹಟ ಮಾಡಿದಳು. ಈ ಸಲ ಉಣ್ಣಿಯ ಕೆಲಸವಿಲ್ಲ, ಶೀಶೆಯಿಲ್ಲ, ಇಬ್ಬರೂ ಸೀರೆ ಉಟ್ಟಿದ್ದೆವು. ದೊಡ್ಡ ಖುಷಿಯ ಸುದ್ದಿ ತೆಗೆದುಕೊಂಡು ಹೋಗುತ್ತಿದ್ದೇವೆ, ಅವರೂ ಸಿದ್ಧವಾಗಿರಲಿ ಎಂದು ಅವಳು ಎರಡು ದಿನ ಮೊದಲೇ ಫೋನು ಮಾಡಿ ತಿಳಿಸಿದ್ದಳು. ದಾರಿಯುದ್ದಕ್ಕೂ ನಾನು ಅವಳನ್ನು ಕಾಡಿಸಿದೆ, ನೀನೀಗ ಡಾಕ್ಟರಮ್ಮ, ಇವತ್ತು ಎಮ್ಮೆಗಳ ಕೊರಳಿಗೆ ಹೂವಿನ ಹಾರ ಇರುತ್ತದೆ ನೋಡು ಎಂದು.

ಸಂಜೆಯ ಹೊತ್ತಿಗೆ ಜೀಪು ನಿಂತಿತು. ಅಂಗಳದಲ್ಲಿ ಕೋಳಿ ಕೆದರಿದ ಕಸ ಹಾಗೇ ಬಿದ್ದಿತ್ತು, ರಂಗೋಲಿ ಇರಲಿಲ್ಲ. ಎಮ್ಮೆಗಳು ಕಾಡಿನ ಕೆಸರು ಹೊತ್ತುಕೊಂಡು, ಬಾಲದಿಂದ ನೊಣ ಓಡಿಸುತ್ತ ನಿಂತಿದ್ದವು. ಹುಡುಗಿ ಬಾಗಿಲು ತೆರೆದು ಇಳಿಯುವುದನ್ನೇ ಮರೆತು ನೋಡುತ್ತ ಕುಳಿತಳು. ಅವಳ ಕಣ್ಣು ತುಂಬಿತ್ತು.

“ಮೇಡಮ್,” ಎಂದಳು, “ಒಂದನ್ನೂ ತೊಳದಿಲ್ಲ.”

ಆಯಿ ಬಾಗಿಲಿಗೆ ಬರಲಿಲ್ಲ. “ಬಂದ್ರ್ಯಾ?” ಎಂದು ಒಳಗಿನಿಂದಲೇ ಕೂಗಿದರು. “ಒಲಿ ಹೊತ್ತೇತಿ ನೋಡ್ರಿ, ನನಗೂ ಒಂದೀಟು ಚಾ ಮಾಡ್ರಿ.”

ನಾನು ಸೆರಗು ಸಿಕ್ಕಿಸಿ ಒಲೆಯ ಮುಂದೆ ಕುಳಿತೆ. ಹಾಲು ಎಲ್ಲಿದೆ ಎಂದು ಯಾರನ್ನೂ ಕೇಳದೆ, ಹುಡುಗಿಯೇ ಹೋಗಿ ತಂದಳು.